ಶಂಭುವಿನ ಪ್ರೊಬೇಷನ್

ಮನೆಯಲ್ಲಿ ಕಳವಾದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ? ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಕೆರಿಯಮ್ಮನ ಬಚ್ಚಲಿನ ತಾಮ್ರದ ಹಂಡೆ ಕಳವಾಯಿತು. ಕದ್ದವನು ಪಕ್ಕದ ಮನೆಯ ಹುಲಿಯಮ್ಮನ ಮಗ ಶಂಭು. ಇಪ್ಪತ್ತು ವರ್ಷದವನು. ಇಸ್ಪೀಟಿನ ಚಟಕ್ಕೆ ಬಿದ್ದಿದ್ದ. ಪೇಟೆಯಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದ. ಹಂಡೆ ವಾಪಸು ಬಂತು, ಕೆರಿಯಮ್ಮನ ನೆಮ್ಮದಿ ಬರಲಿಲ್ಲ.

ಕೋರ್ಟಿನಲ್ಲಿ ಶಂಭು ತಪ್ಪೊಪ್ಪಿಕೊಂಡ. ಹುಡುಗ ಎಂಥವನೆಂದು ವಿಚಾರಿಸಿ ಬರಲು ಮ್ಯಾಜಿಸ್ಟ್ರೇಟರು ಪ್ರೊಬೇಷನ್ ಅಧಿಕಾರಿ ಚಂದ್ರಯ್ಯನವರನ್ನು ಹಳ್ಳಿಗೆ ಕಳಿಸಿದರು. ಚಂದ್ರಯ್ಯನವರು ಕೆರಿಯಮ್ಮನ ಜಗಲಿಯಲ್ಲಿ ಕುಳಿತರು. ಕೆರಿಯಮ್ಮ ಕೂರಲಿಲ್ಲ.

“ವಿಚಾರ್ಸೋದೇನು ಸ್ವಾಮಿ? ಜೈಲಿಗೆ ಹಾಕಿ. ನಾನೂ ಕಣ್ತುಂಬ ನಿದ್ದೆ ಮಾಡ್ತೀನಿ.”

“ಹಾಕಬಹುದು ಕೆರಿಯಮ್ಮ. ಅಲ್ಲಿ ಪಳಗಿದ ಕಳ್ಳರ ಸಹವಾಸ ಮಾಡಿ ಬರ್ತಾನೆ. ವಾಪಸ್ ಬರೋದು ನಿಮ್ಮ ಪಕ್ಕದ ಮನೆಗೇ.”

“ಹಂಗಂತ ಬಿಟ್ಬಿಡೋದಾ?”

“ಬಿಡೋದಲ್ಲ, ಕಣ್ಣಿಟ್ಟು ತಿದ್ದೋದು. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಬಾಸ್ಟನ್ ಅನ್ನೋ ಊರಲ್ಲಿ ಬೂಟು ಹೊಲಿಯೋರೊಬ್ರಿದ್ರು. ಕೋರ್ಟಲ್ಲಿ ಒಬ್ಬ ಕುಡುಕನಿಗೆ ಜೈಲಾಗೋದ್ರಲ್ಲಿತ್ತು. ಇವ್ರು ಜಾಮೀನು ನಿಂತ್ರು. ಕೆಲವು ವಾರದ ಮೇಲೆ ಕರ್ಕೊಂಡು ಬಂದಾಗ ಆ ಮನುಷ್ಯನ ಗುರುತೇ ಸಿಗಲಿಲ್ಲ. ಕುಡಿತ ಬಿಟ್ಟಿದ್ದ. ಜಡ್ಜು ಸಣ್ಣ ದಂಡ ಹಾಕಿ ಬಿಟ್ರು. ಆಮೇಲೆ ಎಷ್ಟೋ ಜನಕ್ಕೆ ಹಿಂಗೇ ನಿಂತ್ರು. ಅವ್ರು ತೀರಿಕೊಂಡ ಮೇಲೆ ಅಲ್ಲಿ ಅದೇ ಕಾನೂನಾಯ್ತು. ಪ್ರೊಬೇಷನ್ ಅಂದ್ರೆ ಪರೀಕ್ಷೆ. ನಮ್ಮ ದೇಶದಲ್ಲೂ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಕಾನೂನು ಮಾಡಿದ್ದಾರೆ.”

“ಆ ಕುಡುಕ ಓಡಿಹೋಗಿದ್ರೆ?”

“ಹಂಗೆ ಓಡಿದವ್ರೂ ಇದ್ರು. ಬಹಳ ಜನ ಓಡಲಿಲ್ಲ.”

ಚಂದ್ರಯ್ಯನವರ ವರದಿ ನೋಡಿ ಕೋರ್ಟು ಶಂಭುವನ್ನು ಜೈಲಿಗೆ ಕಳಿಸದೆ, ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಟ್ಟಿತು. ಇಸ್ಪೀಟು ಮುಟ್ಟಬಾರದು, ಹೇಳದೆ ಊರು ಬಿಡಬಾರದು, ತಿಂಗಳಿಗೊಮ್ಮೆ ಚಂದ್ರಯ್ಯನವರನ್ನು ಕಾಣಬೇಕು. ತಪ್ಪಿದರೆ ಹಳೆಯ ಕಳ್ಳತನಕ್ಕೇ ಶಿಕ್ಷೆ.

ಕೆರಿಯಮ್ಮ ಬಾಗಿಲಿಗೆ ಒನಕೆ ಒರಗಿಸಿ ಮಲಗತೊಡಗಿದಳು. ನಾಯಿ ಬೊಗಳಿದರೆ ಎದ್ದು ಕೂರುವಳು. ಶಂಭು ಗದ್ದೆ ಕೆಲಸಕ್ಕೆ ಹೊರಟರೆ, “ಕಳ್ಳ ಹೊರಟ, ಬಾಗಿಲು ಹಾಕ್ಕಳ್ರೋ” ಎಂದು ಕೇರಿಗೆ ಕೇಳುವಂತೆ ಕೂಗುವಳು. ಅವನನ್ನು ಕೆಲಸಕ್ಕೆ ಕರೆಯುವವರು ಕಡಿಮೆಯಾದರು.

ಒಂದು ಬೆಳಿಗ್ಗೆ ಶಂಭು ಮನೆಯಲ್ಲಿರಲಿಲ್ಲ. ಆಗುಂಬೆ ಕಡೆ ಹೋಗುವ ಲಾರಿ ಹತ್ತಿದನೆಂದು ಸುದ್ದಿ ಬಂತು.

“ನಾ ಹೇಳ್ಲಿಲ್ವಾ?” ಎಂದಳು ಕೆರಿಯಮ್ಮ.

ಹುಲಿಯಮ್ಮ ಅಂಗಳದಲ್ಲಿ ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದಳು. “ಅಕ್ಕ, ಅವ್ನು ಇಸ್ಪೀಟೆಲೆ ಮುಟ್ಲಿಲ್ಲ. ದಿನಾ ಕಳ್ಳ ಅನ್ನಿಸ್ಕೊಂಡು ಬದುಕೋಕಾಗಲ್ಲ ಅಂತಿದ್ದ. ನಾಳೆ ಸಾಹೇಬ್ರನ್ನ ಕಾಣೋ ದಿನ. ಹೋಗದಿದ್ರೆ ಜೈಲೇ.”

ಕೆರಿಯಮ್ಮ ಬಯಸಿದ್ದೂ ಅದನ್ನೇ. ಆದರೆ ಗಂಜಿ ಬಟ್ಟಲು ಹಾಗೇ ಇಟ್ಟು ಎದ್ದಳು. ಒಳಗೆ ಹೋದಳು, ಹೊರಗೆ ಬಂದಳು. ಕೊನೆಗೆ ಸೆರಗು ಸಿಕ್ಕಿಸಿ, “ನಡಿ, ಬಸ್ಸು ಬರೋ ಹೊತ್ತಾಯ್ತು” ಎಂದಳು.

ಆಗುಂಬೆಯಲ್ಲಿ ಘಾಟಿ ಇಳಿಯಲು ಲಾರಿಗಳು ಕಾದು ನಿಂತಿದ್ದವು. ಶಂಭು ಒಂದರ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ.

“ಏ ಶಂಭು, ಘಾಟಿ ಇಳಿದ್ರೆ ನೀನು ಕಳ್ಳನೇ. ತಿರುಗಿ ಬಂದ್ರೆ ಆ ಮಾತು ನಾನು ಇನ್ನೊಂದ್ಸಲ ಆಡಲ್ಲ,” ಎಂದಳು ಕೆರಿಯಮ್ಮ.

ಅವನು ನೆಲ ನೋಡುತ್ತ ಕೇಳಿದ. “ಆಡ್ದೆ ಇರ್ತೀರಾ ದೊಡ್ಡಮ್ಮ?”

“ಕಷ್ಟ. ಆದ್ರೂ ಆಡಲ್ಲ.”

ಮರುದಿನ ಶಂಭು ಚಂದ್ರಯ್ಯನವರ ಮುಂದೆ ಎಲ್ಲವನ್ನೂ ಹೇಳಿದ. ಅವರು ಮುಚ್ಚಿಡಲಿಲ್ಲ, ಕೋರ್ಟಿಗೆ ತಿಳಿಸಿದರು. ತಾನೇ ತಿರುಗಿ ಬಂದವನೆಂದು ಕೋರ್ಟು ಎಚ್ಚರಿಕೆ ಕೊಟ್ಟು ಅವಕಾಶ ಮುಂದುವರಿಸಿತು. ಕೆರಿಯಮ್ಮ ಅವನನ್ನು ತನ್ನ ಗದ್ದೆಗೇ ಕರೆದಳು. ಆಮೇಲೆ ಊರವರೂ ಕರೆದರು. ಅವಧಿ ಮುಗಿಯುವಾಗ ಚಂದ್ರಯ್ಯನವರು ಮತ್ತೆ ಬಂದು, ಹುಡುಗ ಹೇಗಿದ್ದಾನೆ ಎಂದು ಕೇಳಿದರು.

“ಸ್ವಲ್ಪ ಸೋಮಾರಿ,” ಎಂದಳು ಕೆರಿಯಮ್ಮ. “ನಮ್ಮ ಹುಡುಗ್ರೆಲ್ಲ ಹಂಗೇ.”

ಊರ ಬಂಧುಗಳೇ, ಪ್ರೊಬೇಷನ್ ಎಲ್ಲರಿಗೂ ಸಿಗುವುದಿಲ್ಲ. ತಪ್ಪನ್ನೂ ಮನುಷ್ಯನನ್ನೂ ನೋಡಿ ಕೋರ್ಟು ತೀರ್ಮಾನಿಸುತ್ತದೆ. ನಿಮ್ಮವರು ಮೊದಲ ಸಲ ಎಡವಿದರೆ ವಕೀಲರನ್ನು, ಪ್ರೊಬೇಷನ್ ಅಧಿಕಾರಿಯನ್ನು ಕೇಳಿ. ಅಧಿಕಾರಿ ವಿಚಾರಿಸಲು ಬಂದರೆ ನಿಜ ಹೇಳಿ. ಬಿಡುಗಡೆಯಾಗಿ ಬಂದವರಿಗೆ ಕೆಲಸ ಕೊಡಿ. ಕಾನೂನು ಕೊಟ್ಟ ಅವಕಾಶವನ್ನು ನಮ್ಮ ನಾಲಿಗೆ ಕಿತ್ತುಕೊಳ್ಳದಿರಲಿ.