ಮಾವಿನ ಒಗರು

ಹೊಸ ನಿಲ್ದಾಣದಲ್ಲಿ ವಿಮಾನಗಳು ಇಳಿಯತೊಡಗುವುದಕ್ಕೆ ಹಿಂದಿನ ವರ್ಷ, ದೇವನಹಳ್ಳಿ ಕಡೆಯ ರಸ್ತೆ ಅಗಲ ಮಾಡಲು ಸಾಲು ಮಾವಿನ ಮರಗಳನ್ನು ಉರುಳಿಸಿದರು. ಅಲ್ಲೇ ಏಳುತ್ತಿದ್ದ ಹೋಟೆಲೊಂದರ ಒಳಾಂಗಣ ನೋಡಿಕೊಳ್ಳುತ್ತಿದ್ದ ರಮ್ಯ ನನ್ನ ಮರಗೆಲಸದ ಶೆಡ್ಡಿಗೆ ಬಂದಳು.

“ಕೆಂಪರಾಜಣ್ಣ, ಕಾಡು ಕಡಿದ ತೇಗ ಬೇಡ, ಹಡಗಲ್ಲಿ ಬಂದಿದ್ದೂ ಬೇಡ. ಹೆಂಗೂ ಬಿದ್ದಿರೋ ಈ ಮಾವಲ್ಲೇ ನಲವತ್ತು ಟೇಬಲ್ ಆಗಲ್ವಾ? ಬಿಟ್ರೆ ಇಟ್ಟಿಗೆ ಗೂಡಿಗೆ ಸೌದೆ ಆಗ್ತವೆ.”

ನನಗೆ ಕೆಲಸ ಕಲಿಸಿದ ದೊಡ್ಡಪ್ಪ ಪಿಳ್ಳಣ್ಣ ಮೂಲೆಯಲ್ಲಿ ಉಳಿ ಮಸೆಯುತ್ತಿದ್ದ. “ಆಗ್ತದೆ ಕಣಮ್ಮ. ಆದ್ರೆ ಒಗರು ಬಿಡೋಕೆ ಮಾವು ನಾಕು ತಿಂಗ್ಳು ಕೆರೇಲಿ ಮುಳುಗಿರ್ಬೇಕು, ಆಮೇಲೆ ನೆರಳಲ್ಲಿ ಒಣಗ್ಬೇಕು. ಆತುರ ಪಟ್ರೆ ಟೇಬಲ್ ನಿಮ್ದು, ಊಟ ಹುಳದ್ದು.”

ರಮ್ಯ ನಕ್ಕಳು. ಹೋಟೆಲ್ ಮಾಲೀಕರಿಗೆ ಈ ಮರ ಇಷ್ಟವಿರಲಿಲ್ಲ. “ಕೆಟ್ಟರೆ ನನ್ನ ಹೊಣೆ” ಎಂದು ಹೇಳಿ ಒಪ್ಪಿಸಿದಳು.

ದಿಮ್ಮಿಗಳನ್ನು ಊರ ಕೆರೆಯಲ್ಲಿ ಮುಳುಗಿಸಿದೆವು. ಹದ ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ತಿರುಳಿನಿಂದ ಚಕ್ಕೆ ಎಬ್ಬಿಸಿ ನಾಲಿಗೆ ಮೇಲಿಡುವುದು. ಒಗರಿದ್ದರೆ ಮತ್ತೆ ನೀರಿಗೆ. ಸಪ್ಪೆಯಾದರೆ ನೆರಳಿಗೆ.

ಎರಡು ತಿಂಗಳಾಗುವಷ್ಟರಲ್ಲಿ ಮಾಲೀಕರು ಅವಸರ ಹಚ್ಚಿದರು. ತಡವಾದರೆ ಕಾರ್ಖಾನೆ ಹಲಗೆ ತರಿಸುತ್ತೇವೆ ಎಂದರು. ರಮ್ಯ ಕೆರೆ ಏರಿಯ ಮೇಲೆ ನಿಂತು ಕೇಳಿದಳು, “ಆಗಿದ್ಯಾ ಅಣ್ಣ?”

ಚಕ್ಕೆ ಬಾಯಿಗಿಟ್ಟೆ. ಒಗರು ನಾಲಿಗೆ ಹಿಡಿದುಕೊಂಡಿತು.

“ಕೊಡಿ, ನಾನೂ ನೋಡ್ತೀನಿ,” ಎಂದು ಕೈ ಚಾಚಿದಳು.

“ಬೇಡ ಕಣಮ್ಮ, ಕೆರೆ ನೀರು, ಹೊಟ್ಟೆ ಕೆಟ್ಟೀತು. ಸಪ್ಪಗಾಗಿದೆ,” ಎಂದೆ.

ಅಂಥ ಕೆಲಸ ನನ್ನ ಶೆಡ್ಡಿಗೆ ಹಿಂದೆಂದೂ ಬಂದಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪ ನನ್ನ ಮುಖ ನೋಡಿದ. ಅವತ್ತೇ ಉಳಿಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಮತ್ತೆ ಶೆಡ್ಡಿಗೆ ಬರಲಿಲ್ಲ.

ಟೇಬಲುಗಳು ಚೆನ್ನಾಗಿಯೇ ಬಂದವು. ಬಂದವರೆಲ್ಲ ಸವರಿ ನೋಡಿದರು. ಮುಂಗಾರಿನ ಮೊದಲ ಮಳೆಯಾದ ವಾರ, ಟೇಬಲುಗಳ ಕೆಳಗೆ ರಾಗಿಹಿಟ್ಟು ಚೆಲ್ಲಿದ ಹಾಗೆ ಹುಳ ಕೊರೆದ ಪುಡಿ ಉದುರತೊಡಗಿತು. ನಲವತ್ತನ್ನೂ ಹಿತ್ತಲಿಗೆ ಎಸೆದು ಕಾರ್ಖಾನೆ ಹಲಗೆಯವನ್ನು ತಂದರು. ರಮ್ಯಳನ್ನು ಕೆಲಸದಿಂದ ತೆಗೆದರು. ಅಲ್ಲಿಂದಾಚೆ ಆ ರಸ್ತೆಯಲ್ಲಿ ಎಷ್ಟೋ ಹೋಟೆಲುಗಳಾದವು. ಊರ ಮರ ಬೇಕೆಂದು ಯಾರೂ ಕೇಳಿಕೊಂಡು ಬರಲಿಲ್ಲ.

ಹೂಳಿನಲ್ಲಿ ಸಿಕ್ಕಿಕೊಂಡು, ಉಳಿದವನ್ನು ಎತ್ತಿದಾಗ ಮೇಲೆ ಬಾರದ ನಾಲ್ಕು ದಿಮ್ಮಿ ಕೆರೆಯಲ್ಲೇ ಉಳಿದಿದ್ದವು. ಮೊನ್ನೆ ಅವನ್ನು ಎಳೆಸಿ, ರಮ್ಯಳಿಗೆ ಫೋನ್ ಮಾಡಿದೆ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಈ ಸಲ ಚಕ್ಕೆ ಎಬ್ಬಿಸಿ ಅವಳ ಕೈಗೇ ಕೊಟ್ಟೆ.

ಬಾಯಿಗಿಟ್ಟು ನಾಲಿಗೆ ಮೇಲೆ ಹೊರಳಿಸಿದಳು.

“ಏನೂ ರುಚಿ ಇಲ್ಲ,” ಎಂದಳು. ಚಕ್ಕೆಯನ್ನು ದಿಮ್ಮಿಯ ಮೇಲಿಟ್ಟಳು. “ಅವತ್ತೂ ನನ್ ಕೈಗೆ ಕೊಟ್ಟಿದ್ರೆ ಗೊತ್ತಾಗ್ತಿತ್ತು, ಅಲ್ವಾ ಅಣ್ಣ?”