ಆನೆ ಬಂದರೆ ಒತ್ತುವ ಗುಂಡಿ

ತಿತಿಮತಿ ಬಳಿಯ ಕಾಫಿ ಎಸ್ಟೇಟಿನ ಆಫೀಸಿಗೆ ಹೊಸ ಫೋನ್ ವ್ಯವಸ್ಥೆಯನ್ನು ಮ್ಯಾನೇಜರ್ ಅನುಪಮಾ ಹಟ ಹಿಡಿದು ತರಿಸಿದ್ದಳು. ತೋಟಕ್ಕೆ ಆನೆ ನುಗ್ಗಿದರೆ ಅವಳು ಒಂದು ಗುಂಡಿ ಒತ್ತಿದರಾಯಿತು, ಕೆಲಸಗಾರರೆಲ್ಲರ ಮೊಬೈಲಿಗೂ ಒಟ್ಟಿಗೆ ಕರೆ ಹೋಗುತ್ತಿತ್ತು. ರಜೆಯ ದಿನ ಪರೀಕ್ಷೆ ಮಾಡಿದಾಗ ಕೆಲಸಗಾರರ ಲೈನ್ ಮನೆಗಳಲ್ಲಿ ಒಂದು ಫೋನೂ ಸುಮ್ಮನಿರಲಿಲ್ಲ. ಅವಳು ಬೀಗಿದ್ದೇ ಬೀಗಿದ್ದು.

ಕಾಫಿ ಪಿಕ್ಕಿಂಗ್ ಶುರುವಾದ ವಾರವೇ ಆನೆ ಬಂತು. ಕಾವಲುಗಾರ ಬೊಮ್ಮ ಏದುಸಿರು ಬಿಡುತ್ತ ಆಫೀಸಿಗೆ ಓಡಿಬಂದ. ಅನುಪಮಾ ಗುಂಡಿ ಒತ್ತಿದಳು. ಅವಳ ಕಾಲ ಬಳಿಯಿದ್ದ ಬುಟ್ಟಿಯೊಳಗೇ ಅಷ್ಟೂ ಫೋನುಗಳು ಒಮ್ಮೆಲೇ ಬಡಿದುಕೊಂಡವು.

ಫೋನಿದ್ದರೆ ಹಣ್ಣು ಕೊಯ್ಯುವುದು ಬಿಟ್ಟು ಹರಟುತ್ತಾರೆಂದು, ಬೆಳಿಗ್ಗೆ ಎಲ್ಲರ ಫೋನನ್ನೂ ಬುಟ್ಟಿಗೆ ಹಾಕಿಸಿಕೊಳ್ಳುವ ನಿಯಮ ತಂದವಳೂ ಅವಳೇ.

ಬೊಮ್ಮ ಕೂಗುತ್ತ ತೋಟದತ್ತ ಓಡಿದ. ಅಷ್ಟರಲ್ಲಿ ಹಣ್ಣು ಕೊಯ್ಯುತ್ತಿದ್ದ ಚೋಮಿ ಆನೆ ಕಂಡು ಹೆದರಿ ಓಡಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಳು.

ಸಂಜೆ ಅನುಪಮಾ ಚೋಮಿಯ ಫೋನನ್ನು ಹಿಡಿದು ಆಸ್ಪತ್ರೆಗೆ ಹೋದಳು. ಮಂಚದ ಪಕ್ಕ ನಿಂತವಳಿಗೆ ಅದನ್ನು ಕೊಡಲು ಕೈ ಏಳಲಿಲ್ಲ. ಚೋಮಿಯೇ ಮೆಲ್ಲಗೆ ಮಾತು ತೆಗೆದಳು.

"ನೀವು ನಂಗೆ ಫೋನ್ ಮಾಡಿದ್ರಂತೆ, ಅಕ್ಕಾ. ಬೊಮ್ಮ ಹೇಳ್ದ. ಎತ್ತೋಕಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ."