ಎಷ್ಟೊತ್ತಕ್ಕ

ಯಾರು ಏನೇ ಹೇಳಿದರೂ ಎರಡು ಪ್ರಶ್ನೆ ಕೇಳದೆ ಬಿಟ್ಟವರಲ್ಲ ಆಕೆ: "ಎಷ್ಟು ಹೊತ್ತು? ಎಷ್ಟು ದೂರ?" ಹಲ್ಲುನೋವೆಂದು ರಜೆ ಕೇಳಿದವನಿಗೂ ಅದೇ, ತಂಗಿಗೆ ಗಂಡು ಗೊತ್ತಾಯಿತೆಂದು ಸಿಹಿ ಹಿಡಿದು ಬಂದವನಿಗೂ ಅದೇ. ನಮ್ಮ ಕಾರ್ಖಾನೆಯ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಕೋಣೆಯ ಬಾಗಿಲ ಮೇಲಿನ ಹಲಗೆಯಲ್ಲಿ ಇತ್ತಾದರೂ, ಬೆನ್ನ ಹಿಂದೆ ನಮಗೆಲ್ಲ ಅವರು ಎಷ್ಟೊತ್ತಕ್ಕ. ಅದು ಅವರ ಕಿವಿಗೂ ಬಿದ್ದಿತ್ತು, ಬಿದ್ದಂತೆ ತೋರಿಸಿಕೊಳ್ಳುತ್ತಿರಲಿಲ್ಲ.

ಮೊಣಕಾಲಿನವರೆಗೆ ಇಳಿಬಿದ್ದ ಬೂದುಬಣ್ಣದ ಕೋಟು, ಎಡಜೇಬಿಗೆ ಬೇರೆ ಬಣ್ಣದ ದಾರದ ಹೊಲಿಗೆ, ಆ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ಕಡ್ಡಿ. ಕಡು ಬೇಸಿಗೆಯಲ್ಲೂ ಆ ಕೋಟು ಮೈಯಿಂದ ಇಳಿದದ್ದನ್ನು ಕಂಡವರಿರಲಿಲ್ಲ. ಇನ್ನು ನಡಿಗೆಯೋ, ಹೆಜ್ಜೆಯೊಂದಕ್ಕೆ ಸರಿಯಾಗಿ ಎರಡೂವರೆ ಅಡಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಬಡಗಿಯೊಬ್ಬ ಟೇಪು ಮರೆತು ಬಂದ ದಿನ ಗೋಡೆಯುದ್ದಕ್ಕೂ ಅವರನ್ನೇ ನಡೆಸಿ ಅಳತೆ ಬರೆದುಕೊಂಡನೆಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಬೆಸುಗೆ ಹಾಕಿದ ದೊಡ್ಡ ಕೊಳವೆಗಳೊಳಗೆ ಬಿರುಕಿದೆಯೇ ಎಂದು ವಿಕಿರಣದಿಂದ ಚಿತ್ರ ತೆಗೆದು ಪರೀಕ್ಷಿಸುವುದು ನಮ್ಮ ವಿಭಾಗದ ಕೆಲಸ. ಆ ವಿಕಿರಣ ಸೂಸುವುದು ಹೆಸರುಕಾಳಿನಷ್ಟು ಗಾತ್ರದ ಒಂದು ಗುಳಿಗೆ. ಅದು ಸೀಸದ ಪೆಟ್ಟಿಗೆಯೊಳಗಿದ್ದರೆ ಸಾಧು, ಹೊರಗೆ ಬಂದರೆ ಕಾಲಯಮ. ತಂತಿಯೊಂದರಿಂದ ಅದನ್ನು ನಳಿಗೆಯ ತುದಿಗೆ ತಳ್ಳಿ, ಚಿತ್ರ ಮೂಡಿದ ಮೇಲೆ ಮತ್ತೆ ಒಳಕ್ಕೆ ಎಳೆದುಕೊಳ್ಳಬೇಕು. ಹುಡುಗರ ಎದೆಯ ಮೇಲಿನ ಬ್ಯಾಡ್ಜು ಅವರವರ ಮೈಗೆ ತಾಗಿದ ಕಿರಣವನ್ನೆಲ್ಲ ತನ್ನೊಳಗೆ ದಾಖಲಿಸಿಕೊಳ್ಳುತ್ತಿತ್ತು; ಅದು ಮಿತಿ ದಾಟಿದವನನ್ನು ಮೇಲಿನವರು ಗೋದಾಮಿಗೆ ಅಟ್ಟುತ್ತಿದ್ದರು. ಗೋದಾಮೆಂದರೆ ಎಲ್ಲರಿಗೂ ಅವಮಾನ. ಹಾಗಾಗಿ ಕೆಲಸಕ್ಕೆ ಹೊರಡುವ ಮುಂಚೆ ಬ್ಯಾಡ್ಜನ್ನು ಬಿಚ್ಚಿ ಒಂದು ಡ್ರಾಯರಿನಲ್ಲಿಟ್ಟು ಹೋಗುವ ಪದ್ಧತಿ ಬೆಳೆಯಿತು. ಆ ಡ್ರಾಯರು ಇದ್ದದ್ದು ಫಿಲ್ಮು ತೊಳೆಯುವ ಕತ್ತಲಕೋಣೆಯಲ್ಲಿ. ಫಿಲ್ಮು ತೊಳೆಯುವವನು ನಾನು.

ಒಂದು ದಿನ ಮಧ್ಯಾಹ್ನ ತಂತಿಯ ಕೊಂಡಿ ಕಳಚಿ ಗುಳಿಗೆ ನಳಿಗೆಯ ತುದಿಯಲ್ಲೇ ಉಳಿದದ್ದು ನಮ್ಮ ಹುಡುಗರಲ್ಲೊಬ್ಬನಾದ ಗುಬ್ಬಿಗೆ ಗೊತ್ತಾಗಲಿಲ್ಲ. ಎಂಥ ಎತ್ತರಕ್ಕೂ ಸರಸರನೆ ಹತ್ತುವ ಹಗುರ ಮೈಯವನಾದ್ದರಿಂದ ಅವನು ಗುಬ್ಬಿ. ವಿಕಿರಣ ಅಳೆಯುವ ಮೀಟರನ್ನು ಕೆಳಗೇ ಬಿಟ್ಟು ಮೇಲೇರಿದ್ದ ಅವನು, ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ಮುಂದಿನ ಬೆಸುಗೆಗೆ ಹೊಂದಿಸುತ್ತಿದ್ದಾಗ, ಮೀಟರು ಹಿಡಿದು ಬಂದ ಇನ್ನೊಬ್ಬ ಕಿರುಚಿಕೊಂಡ.

ಎಷ್ಟೊತ್ತಕ್ಕ ಎಲ್ಲರನ್ನೂ ದೂರ ಸರಿಸಿ, ಹಗ್ಗ ಕಟ್ಟಿಸಿ, ಉದ್ದ ಹಿಡಿಯ ಇಕ್ಕಳದಿಂದ ಗುಳಿಗೆಯನ್ನು ಸೀಸದೊಳಗೆ ಸೇರಿಸಿ ತಿರುಗುವಷ್ಟರಲ್ಲಿ, ಜೊತೆಯವರು ಗುಬ್ಬಿಯ ಅಂಗಿ ಕಿತ್ತೆಸೆದು ಬಕೆಟುಗಟ್ಟಲೆ ನೀರು ಸುರಿದು ಅಷ್ಟು ದೂರ ಓಡಿ ನಿಂತಿದ್ದರು. ನಡುಗುತ್ತ ಅವನೊಬ್ಬನೇ ನಿಂತಿದ್ದ. ಆಕೆ ಕೋಟು ಬಿಚ್ಚಿ ಅವನಿಗೆ ಹೊದಿಸಿದರು.

"ಪುಡಿನೋ ದ್ರವನೋ ಮೈಮೇಲೆ ಬಿದ್ದಿದ್ರೆ ಬಟ್ಟೆ ಬಿಚ್ಚಿಸ್ಬೇಕು, ಸೋಪು ಹಾಕಿ ಮೆಲ್ಲಗೆ ತೊಳೀಬೇಕು. ಇದು ಬರೀ ಕಿರಣ ಕಣ್ರೋ, ಹಾದು ಹೋಯ್ತು. ಎಕ್ಸ್‌ರೇ ತೆಗೆಸ್ಕೊಂಡು ಬಂದೋರನ್ನ ನೀವು ಮುಟ್ಟೋದಿಲ್ವಾ?"

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕೆಲ ಗಂಟೆಗೊಮ್ಮೆ ಮತ್ತೆ ಮತ್ತೆ ತೆಗೆಯಬೇಕೆಂದರು. ವಾಂತಿಯಾದರೆ ಗಡಿಯಾರ ನೋಡಿ ಬರೆದಿಡಿ ಎಂದರು, ಆಗಲಿಲ್ಲ. ಗುಬ್ಬಿಯ ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. "ಒಳಗೆ ಬಾಮ್ಮ, ಮಗೂನ ಅವನ ತೊಡೆ ಮೇಲೆ ಕೂರಿಸು. ಅವನಿಂದ ನಿಮಗೇನೂ ಅಂಟಲ್ಲ" ಎಂದು ಎಷ್ಟೊತ್ತಕ್ಕ ಕೈಹಿಡಿದು ಕರೆತಂದರು. ಆಮೇಲೆ ಅವನ ಕಡೆ ತಿರುಗಿ ಕೇಳಿದರು: "ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

"ಎರಡು ನಿಮಿಷ ಅಕ್ಕ. ಜಾಸ್ತಿ ಇಲ್ಲ."

"ಬ್ಯಾಡ್ಜು?"

ಗುಬ್ಬಿ ಗೋಡೆಗೊರಗಿ ನಿಂತಿದ್ದ ನನ್ನ ಕಡೆ ನೋಡಿದ. 

ಮರುದಿನ ಬೆಳಿಗ್ಗೆ ಆಕೆ ಕತ್ತಲಕೋಣೆಗೆ ಬಂದು ನಾನೇ ತೆರೆದು ತೋರಿಸಿದ ಡ್ರಾಯರಿನೊಳಗೆ ಬಹಳ ಹೊತ್ತು ನೋಡಿದರು. ಒಂಬತ್ತು ಬ್ಯಾಡ್ಜುಗಳು, ಸಾಲಾಗಿ. "ಎಷ್ಟು ಹೊತ್ತಿಂದ?" ಎಂದರು. ನಾಲ್ಕು ತಿಂಗಳು ಎಂದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ.

ಆ ಎರಡು ನಿಮಿಷ ನಿಜವೇ ಎಂಬುದರ ಮೇಲೆ ಗುಬ್ಬಿಯ ಕೈಯ ಅಳಿವು ಉಳಿವು ನಿಂತಿತ್ತು. ಮೈಯೆಲ್ಲಕ್ಕೂ ತಾಗಿದ್ದರ ಸುಳಿವನ್ನು ರಕ್ತ ಕೊಡಬಲ್ಲದು, ಅಂಗೈಯೊಂದೇ ಸುಟ್ಟದ್ದನ್ನು ಹೇಳಲಾರದು. ಸುಟ್ಟ ಅಂಗೈ ಕೆಲವು ದಿನ ಏನೂ ಆಗದಂತೆ ಕಂಡು ಆಮೇಲೆ ಕೊಳೆಯತೊಡಗುತ್ತದೆ. ಎರಡೇ ನಿಮಿಷವೆಂದಾದರೆ ಮುಲಾಮು ಕೊಟ್ಟು ಮನೆಗೆ ಕಳಿಸುವವರಿದ್ದರು.

ವೈದ್ಯರ ಒಪ್ಪಿಗೆ ಪಡೆದು ಆಕೆ ಗುಬ್ಬಿಯನ್ನು ಕಾರ್ಖಾನೆಯ ಅಂಗಳಕ್ಕೆ ಕರೆತಂದರು. ಸೀಮೆಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು, ಹೆಜ್ಜೆಯಿಂದ ದೂರ ಅಳೆದು, ಖಾಲಿ ನಳಿಗೆಯೊಂದನ್ನು ಕೈಗೆ ಕೊಟ್ಟು, "ನಿನ್ನೆ ಮಾಡಿದ್ದನ್ನೇ ಮಾಡು" ಎಂದರು. ನಾವೆಲ್ಲ ಸುತ್ತ ನಿಂತಿದ್ದೆವು. ಗೋದಾಮಿನ ಭಯಕ್ಕೆ ಗುಬ್ಬಿ ಲಗುಬಗೆಯಿಂದ ಹಿಡಿದ, ತಿರುಗಿಸಿದ, ಇಟ್ಟ. ಎರಡು ನಿಮಿಷ.

ಎಷ್ಟೊತ್ತಕ್ಕ ಗಡಿಯಾರದಿಂದ ಕಣ್ಣೆತ್ತಿದರು.

"ಮೊದಲು ನಂದು ಹೇಳ್ತೀನಿ ಕೇಳಪ್ಪಾ. ನಾಲ್ಕು ತಿಂಗಳಿಂದ ನಿಮ್ಮೆಲ್ಲರ ಬ್ಯಾಡ್ಜೂ ಕೆಲಸಾನೇ ಮಾಡದೋರ ಥರ ತೋರಿಸ್ತಿತ್ತು. ನನಗೆ ಅನುಮಾನ ಬರ್ಬೇಕಿತ್ತು. ಬರ್ಲಿಲ್ಲ, ಖುಷಿ ಆಯ್ತು. ಮೇಲಿನೋರು ಹೊಗಳಿದ್ರು, ಹೊಗಳಿಸ್ಕೊಂಡೆ. ಒಂದು ದಿನಾನೂ ನಿಮ್ಮ ಎದೆ ಮೇಲೆ ಅದು ಇದೆಯಾ ಅಂತ ನೋಡ್ಲಿಲ್ಲ. ನಂದು ನಾಲ್ಕು ತಿಂಗಳು. ವರದೀಲಿ ಮೊದಲು ಅದನ್ನೇ ಬರ್ದಿದೀನಿ. ಈಗ ನೀನು ಹೇಳು."

ಗುಬ್ಬಿ ನಳಿಗೆಯನ್ನು ಮತ್ತೆ ಎತ್ತಿಕೊಂಡ. ಈ ಸಲ ಕುಕ್ಕರಗಾಲಿನಲ್ಲಿ ಕೂತ; ಎಡಗೈಯಲ್ಲಿ ತುದಿಯನ್ನು ಬಿಗಿಯಾಗಿ ಹಿಡಿದ; ಬಲಗೈಯಿಂದ ನಳಿಗೆ ಬಿಗಿಯುವ ಪಟ್ಟಿ ಸುತ್ತಿದ, ಸರಿಬಾರದೆ ಬಿಚ್ಚಿದ, ಮತ್ತೆ ಸುತ್ತಿದ, ತೋಳಿಗೆ ಹಣೆ ಒರೆಸಿಕೊಂಡ; ಎಡಗೈ ಮಾತ್ರ ಬಿಡಲಿಲ್ಲ. ಬಿಡು ಮಾರಾಯ, ಬಿಟ್ಟುಬಿಡು ಎಂದು ಕೂಗಬೇಕೆನಿಸಿತು, ಅದು ನಿನ್ನೆಯೇ ಆಗಿಹೋಗಿದ್ದರೂ. ಅವನು ನಳಿಗೆ ಕೆಳಗಿಟ್ಟಾಗ ಎಷ್ಟೊತ್ತಕ್ಕ ಗಡಿಯಾರ ನೋಡಿದರು.

"ಹನ್ನೊಂದು" ಎಂದರು.

ಹತ್ತನೆಯ ದಿನ ಅಂಗೈ ಕೆಂಪಾಗಿ ಬೊಬ್ಬೆಯೆದ್ದಾಗ ವೈದ್ಯರು ಸಿದ್ಧರಾಗಿದ್ದರು. ಎರಡು ಬೆರಳಿನ ತುದಿ ಹೋಯಿತು, ಕೈ ಉಳಿಯಿತು. ಎಷ್ಟೊತ್ತಕ್ಕನನ್ನು ಆ ಹುದ್ದೆಯಿಂದ ತೆಗೆದರು. ಅವರ ವರದಿಯ ಮೊದಲ ಸಾಲೇ ಅದಕ್ಕೆ ಸಾಕಾಯಿತು. ಕೋಟು ಮರಳಿಸಲು ಹೋದ ಗುಬ್ಬಿಗೆ, "ಇಟ್ಕೋ, ಜೇಬು ಮಾತ್ರ ಇನ್ನೊಂದ್ಸಲ ಹೊಲಿಸ್ಕೋ" ಎಂದರಂತೆ.

ಏನೂ ಆಗಲ್ಲ ಬಿಡು ಎಂದು ಬೆನ್ನು ತಟ್ಟುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ; ಅವರು ಕೆಟ್ಟವರಲ್ಲ, ನಮ್ಮ ಭಯಕ್ಕಿಂತ ಅವರ ಭಯವೇ ದೊಡ್ಡದು. ಆದದ್ದೆಷ್ಟು ಎಂದು ಕೇಳಿ, ಉತ್ತರ ಮುಗಿಯುವವರೆಗೂ ಎದುರಿಗೆ ನಿಲ್ಲುವವರು ಅಪರೂಪ. ಅವರ ಪ್ರಶ್ನೆ ಕೇಳಿ ನಾವು ನಗುತ್ತೇವೆ, ಅಡ್ಡಹೆಸರಿಡುತ್ತೇವೆ, ಡ್ರಾಯರು ಮುಚ್ಚುತ್ತೇವೆ. ಅಂದು ಅಂಗಳದಲ್ಲಿ ಯಾರೋ ಆಕೆಗೊಂದು ಕುರ್ಚಿ ತಂದಿಟ್ಟಿದ್ದರು. ಹನ್ನೊಂದು ನಿಮಿಷವೂ ಅದು ಖಾಲಿಯಾಗಿಯೇ ಇತ್ತು.